ಕಾಲುವೆ ದಂಡೆಯ ಹಿತ್ತಲು, ಎರೆಭೂಮಿಯ ಅಡುಗೆ

ಹನುಮನಹಳ್ಳಿಯಲ್ಲಿ ಹಿತ್ತಲು ಮಾಡಿದವರ ಬೆಳೆಗೆ ಇಬ್ಬರು ಪಾಲುದಾರರು. ಒಂದು ಕಾಲುವೆ, ಇನ್ನೊಂದು ಮಂಗ್ಯಾ. ಕಾಲುವೆ ಕೊಡುತ್ತದೆ, ಮಂಗ್ಯಾ ಒಯ್ಯುತ್ತದೆ. ಊರಿನ ಪಕ್ಕದಲ್ಲೇ ಅಂಜನಾದ್ರಿ ಬೆಟ್ಟ. 575 ಮೆಟ್ಟಿಲು ಹತ್ತಿ ಆಂಜನೇಯನ ದರ್ಶನ ಮಾಡಲು ಶನಿವಾರ ಬಂತೆಂದರೆ ಜನ ಕಿಕ್ಕಿರಿದು ಬರುತ್ತಾರೆ. ಅವತ್ತು ಮಂಗ್ಯಾಗಳಿಗೆ ಬಾಳೆಹಣ್ಣು, ಕೊಬ್ಬರಿ, ಕಡಲೆ. ವಾರದ ಉಳಿದ ದಿನ ಅವು ಇಳಿಯುವುದು ನಮ್ಮ ಹಿತ್ತಲಿಗೆ. ಹನುಮಪ್ಪ ಹುಟ್ಟಿದ ನೆಲ ಎಂದು ಹೆಸರು ಹೊತ್ತ ಮೇಲೆ ಅವುಗಳ ಮೇಲೆ ಕಲ್ಲು ಎತ್ತಲು ಯಾರಿಗೂ ಕೈ ಬರುವುದಿಲ್ಲ. ಹೆಚ್ಚೆಂದರೆ ತಗಡಿನ ಡಬ್ಬಿ ಬಡಿಯುತ್ತೇವೆ. ಅವು ನಮ್ಮನ್ನೇ ನೋಡುತ್ತ ಸವತಿಕಾಯಿ ತಿಂದು ಮುಗಿಸುತ್ತವೆ.

ಹಾಗಾಗಿ ಇಲ್ಲಿ ಹಿತ್ತಲಿನಲ್ಲಿ ಏನು ಉಳಿಯಬೇಕು ಎಂಬುದನ್ನು ತೀರ್ಮಾನಿಸುವವರು ನಾವಲ್ಲ. ಪೇರಲ, ಬಾಳೆ, ಸವತಿ, ಕೆಂಪಾದ ಟಮಾಟಿ ಅವುಗಳ ಪಾಲು. ಹಾಗಲಕಾಯಿ, ಮೆಣಸಿನಕಾಯಿ, ಪುಂಡಿಪಲ್ಲೆಯ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಮುಳಗಾಯಿಯನ್ನು ಒಂದು ಕಚ್ಚು ಕಚ್ಚಿ, ನಮ್ಮ ಬೇಸಾಯದ ಬಗ್ಗೆ ಅಭಿಪ್ರಾಯ ಹೇಳಿದಂತೆ, ಬೀಸಾಡಿ ಹೋಗುತ್ತವೆ. ಇಷ್ಟೆಲ್ಲ ಕಳೆದ ಮೇಲೂ ಕಾರ್ತೀಕದಿಂದ ಶಿವರಾತ್ರಿಯ ತನಕ ಮನೆಯಲ್ಲಿ ಕಾಯಿಪಲ್ಲೆ ಇಡಲು ಬುಟ್ಟಿ ಸಾಲುವುದಿಲ್ಲ. ಎರಡು ಗುಂಟೆ ಜಾಗದಲ್ಲಿ ಮುಳಗಾಯಿ, ಬೆಂಡಿ, ಹೀರಿ, ಚವಳಿ, ಹಾಗಲ, ಟಮಾಟಿ, ಬೇಲಿಗೆ ಅವರಿ, ನೀರು ಹೋಗುವ ಕಡೆ ಪುಂಡಿ, ರಾಜಗಿರಿ, ಸಬ್ಬಸಿಗಿ. ಐದು ಮಂದಿಯ ಮನೆಗೆ ಇದು ಊಟಕ್ಕೂ ಮಿಕ್ಕಿದ ಮಾತು.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ತವರು ಯಲಬುರ್ಗಾ ಕಡೆಯ ಎರೆಭೂಮಿ. ಒಂದೇ ಜಿಲ್ಲೆ ಎನ್ನುವುದು ಕಾಗದದ ಮೇಲಿನ ಮಾತು, ಅಡುಗೆಮನೆಗೆ ಬಂದರೆ ಕೊಪ್ಪಳ ಜಿಲ್ಲೆ ಎರಡು ಸೀಮೆ. ಯಲಬುರ್ಗಾ, ಕುಷ್ಟಗಿಯಲ್ಲಿ ಮಳೆ ನಂಬಿದ ಬೇಸಾಯ: ಜೋಳ, ಸಜ್ಜೆ, ಕಡಲೆ, ಹೆಸರು. ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ಬಂದರೆ. ನಮ್ಮೂರಿರುವ ಗಂಗಾವತಿ ಕಡೆ ತುಂಗಭದ್ರೆಯ ನೀರು. 1953ರಲ್ಲಿ ಅಣೆಕಟ್ಟು ಆಗಿ ಎಡದಂಡೆ ಕಾಲುವೆ ಹರಿದ ಮೇಲೆ ಭತ್ತದ ಸೀಮೆ ಎಂದು ಹೆಸರಾಯಿತು. ಆನೆಗುಂದಿಯ ಸುತ್ತಮುತ್ತ ಅದಕ್ಕಿಂತ ಮುಂಚೆಯೇ, ವಿಜಯನಗರದ ಅರಸರ ಕಾಲದ ಕಾಲುವೆಗಳು ಇವೆ, ಇವತ್ತಿಗೂ ಗದ್ದೆಗೆ ನೀರು ಉಣಿಸುತ್ತಿವೆ. ನನ್ನ ತವರಿನಲ್ಲಿ ಬಚ್ಚಲ ನೀರು ಹರಿದುಹೋಗುವ ಜಾಗದಲ್ಲಿ ನಾಲ್ಕು ಮುಳಗಾಯಿ ಗಿಡ, ಒಂದು ಹೀರಿ ಬಳ್ಳಿ ಇದ್ದರೆ ಅದೇ ತೋಟ.

ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಗತಿ ನನಗೆ ಅರ್ಥವಾಗಲಿಲ್ಲ. ಇಲ್ಲಿ ಬಲಿತ ಹೀರಿಕಾಯಿ, ಬೀಜ ಬಂದ ಬೆಂಡಿಕಾಯಿ, ಹೆಚ್ಚಾದ ಟಮಾಟಿ ಎಲ್ಲ ಎಮ್ಮೆಯ ಮುಂದೆ ಬೀಳುತ್ತಿತ್ತು. "ಏನ್ ಮಾಡೂದು ಬಿಡಬೇ, ನಾಳೆ ಮತ್ತ ಬರ್ತಾವು" ಎನ್ನುತ್ತಿದ್ದರು ನಮ್ಮ ಅತ್ತೆ. ಅವರ ಮಾತು ಸುಳ್ಳಲ್ಲ, ನಾಳೆ ಮತ್ತೆ ಬರುತ್ತಿದ್ದವು. ನನ್ನ ಅವ್ವನಿಗೆ ನಾಳೆಯ ಭರವಸೆ ಇರಲಿಲ್ಲ. ಎಪ್ಪತ್ತೆರಡರ ಬರ ಕಂಡ ಹೆಂಗಸು ಆಕೆ. ಹೀರಿಕಾಯಿಯ ಸಿಪ್ಪೆ ಚಟ್ನಿಗೆ, ತಿರುಳು ಪಲ್ಯಕ್ಕೆ, ಬಲಿತದ್ದು ಬೀಜಕ್ಕೆ, ಬೀಜ ತೆಗೆದ ನಾರಿನ ಗೂಡು ಮೈ ತಿಕ್ಕಲು. ಬೆಳೆ ಜಾಸ್ತಿಯಾದಾಗ ಏನು ಮಾಡಬೇಕು ಎಂಬ ವಿದ್ಯೆ ನೀರು ಹೆಚ್ಚಿರುವ ಸೀಮೆಯಲ್ಲಿ ಹುಟ್ಟಿದ್ದಲ್ಲ, ನೀರು ಕಾಣದ ಸೀಮೆಯದು. ನಾನು ಮಾಡಿದ್ದು ಆ ವಿದ್ಯೆಯನ್ನು ಐವತ್ತು ಅರವತ್ತು ಕಿಲೋಮೀಟರ್ ಈಚೆಗೆ ತಂದದ್ದು, ಅಷ್ಟೆ.

ಮೊದಲಿಗೆ, ಕಾಯಿ ಯಾಕೆ ಒಟ್ಟಿಗೆ ಬಂದು ಬೀಳುತ್ತವೆ ಎಂಬುದನ್ನು ನೋಡೋಣ. ನಾವು ಬೀಜ ಊರುವುದೇ ಒಂದೇ ದಿನ. ಬೆಂಡಿ ಬಿತ್ತಿ ನಲವತ್ತೈದು ಐವತ್ತು ದಿನಕ್ಕೆ ಕಾಯಿ ಹಿಡಿಯುತ್ತದೆ, ಎಲ್ಲ ಗಿಡಕ್ಕೂ ಅದೇ ವಯಸ್ಸು, ಅದೇ ಬಿಸಿಲು. ಪಾಕೀಟಿನ ಬೀಜವನ್ನು ಮೂರು ಪಾಲು ಮಾಡಿ, ಹದಿನೈದು ದಿನಕ್ಕೊಮ್ಮೆ ಒಂದು ಪಾಲು ಊರಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ. ಇನ್ನರ್ಧ ಕೊಯ್ಯುವುದರಲ್ಲಿದೆ. ಗಿಡಕ್ಕೆ ಬೇಕಾಗಿರುವುದು ನಮ್ಮ ಪಲ್ಯವಲ್ಲ, ಅದರ ಬೀಜ. ಒಂದು ಕಾಯಿ ಬಲಿತು ಬೀಜ ಕಟ್ಟಿತೆಂದರೆ ಗಿಡ ತನ್ನ ಕೆಲಸ ಆಯಿತೆಂದು ಹೂವು ಕಮ್ಮಿ ಮಾಡುತ್ತದೆ. ಬೆಂಡಿಯನ್ನು ದಿನ ಬಿಟ್ಟು ದಿನ ಹರಿಯಬೇಕು. ಎಳೆಯದರಲ್ಲೇ ಹರಿದರೆ ತಿಂಗಳುಗಟ್ಟಲೆ ಕೊಡುತ್ತದೆ. "ಇವತ್ತು ಬ್ಯಾಡ, ಮನಿಯಾಗ ಇನ್ನೂ ಐತಿ" ಎಂದು ಗಿಡದಲ್ಲೇ ಬಿಟ್ಟರೆ ಇತ್ತ ಕಾಯಿಯೂ ನಾರು, ಅತ್ತ ಗಿಡವೂ ಮುಪ್ಪು.

ಹರಿದು ತಂದದ್ದನ್ನೆಲ್ಲ ಫ್ರಿಜ್ಜಿಗೆ ತುರುಕುವ ಚಾಳಿ ಈಗ ಹಳ್ಳಿಗೂ ಬಂದಿದೆ. ಮುಳಗಾಯಿ, ಬೆಂಡಿ, ಸವತಿ, ಟಮಾಟಿ ಎಲ್ಲ ಬಿಸಿ ಸೀಮೆಯ ಜಾತಿ. ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಹೆಚ್ಚು ದಿನ ಇಟ್ಟರೆ ಮೈಮೇಲೆ ಚುಕ್ಕೆ ಬಂದು ಮೆತ್ತಗಾಗುತ್ತವೆ. ಟಮಾಟಿಯ ರುಚಿಯೇ ಹೋಗುತ್ತದೆ. ಇದಕ್ಕೆ ನಮ್ಮ ಬಿಸಿಲಿಗೆ ಒಪ್ಪುವ ಉಪಾಯವೊಂದನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲೇ ಮಾಡಿಟ್ಟಿದ್ದಾರೆ. ಇಟ್ಟಿಗೆಯ ಜೋಡಿ ಗೋಡೆ ಕಟ್ಟಿ, ನಡುವೆ ಉಸುಕು ತುಂಬಿ, ಬೆಳಿಗ್ಗೆ ಸಂಜೆ ಉಸುಕಿಗೆ ನೀರು ಹನಿಸುವುದು, ಮೇಲೆ ಒದ್ದೆ ಗೋಣಿ ಅಥವಾ ಜಂಬಿನ ಮುಚ್ಚಳ. ನೀರು ಆರುತ್ತ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಣ ಬೇಸಿಗೆಯಲ್ಲಿ ಹೊರಗಿಗಿಂತ ಹತ್ತು ಹದಿನೈದು ಡಿಗ್ರಿ ತಂಪು. ಕರೆಂಟು ಬೇಡ. ಅಷ್ಟು ದೊಡ್ಡದು ಬೇಡವಾದರೆ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಒದ್ದೆ ಉಸುಕು. ಮಳೆಗಾಲದ ತೇವದ ಗಾಳಿಯಲ್ಲಿ ಇದರ ಆಟ ನಡೆಯುವುದಿಲ್ಲ.

ಈಗ ಒಲೆಯ ಹತ್ತಿರ ಬರೋಣ. ಹಿತ್ತಲು ತುಂಬಿದ ದಿನಗಳಲ್ಲಿ ನಾನು ಮೊದಲು ಮುಗಿಸುವುದು ಸೊಪ್ಪು. ಅದಕ್ಕೆ ಒಂದೇ ದಿನದ ಆಯುಷ್ಯ. ಸೊಪ್ಪಿನಲ್ಲಿ ರಾಣಿ ಪುಂಡಿಪಲ್ಲೆ. ಇದರ ಮೂಲ ಆಫ್ರಿಕಾ ಎಂದು ಸಸ್ಯಶಾಸ್ತ್ರದವರು ಹೇಳುತ್ತಾರೆ. ನಮ್ಮ ಕಡೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಅಷ್ಟು ನಮ್ಮದಾಗಿದೆ. ಎಲೆ ತಿಂದು ದಂಟಿನ ನಾರಿನಿಂದ ಹಗ್ಗ ಹೊಸೆದ ಜನ ನಾವು. ನಮ್ಮ ಮನೆಯ ಕ್ರಮ ಹೀಗೆ: ಎಲೆಯನ್ನು ದಂಟಿನಿಂದ ಬಿಡಿಸಿ, ಒಂದು ಕುದಿ ಕುದಿಸಿ ಆ ನೀರು ಬಸಿದುಬಿಡಬೇಕು, ಇಲ್ಲವಾದರೆ ಹುಳಿ ಹಲ್ಲಿಗೆ ಹತ್ತುತ್ತದೆ. ತೊಗರಿಬ್ಯಾಳಿ ಒಂದು ಹಿಡಿ, ಜೋಳದ ನುಚ್ಚು ಒಂದು ಹಿಡಿ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಅದಕ್ಕೆ ಸೊಪ್ಪು ಕೂಡಿಸಿ ಕಡಗೋಲಿನಿಂದ ಕಡೆಯಬೇಕು. ಮಿಕ್ಸಿಗೆ ಹಾಕಿದರೆ ಅಂಟು ಬರುತ್ತದೆ, ನನಗೆ ಸೇರುವುದಿಲ್ಲ. ಮೇಲೆ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿಯನ್ನು ಕೆಂಪಗೆ ಹುರಿದು ಒಗ್ಗರಣೆ. ಬಳ್ಳೊಳ್ಳಿಯಲ್ಲಿ ಜಿಪುಣತನ ಮಾಡಬಾರದು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಮೇಲೆ ಹಸಿ ಶೇಂಗಾಎಣ್ಣೆ, ಕಡಿಯಲು ಉಳ್ಳಾಗಡ್ಡಿ. ಇದಕ್ಕಿಂತ ಹೆಚ್ಚಿನದನ್ನು ನಾನು ಮದುವೆ ಊಟದಲ್ಲೂ ಕಂಡಿಲ್ಲ. ಹುಳಿ ಇರುವುದರಿಂದ ಮರುದಿನಕ್ಕೂ ಕೆಡುವುದಿಲ್ಲ, ಚಳಿಗಾಲದಲ್ಲಿ ಮರುದಿನವೇ ರುಚಿ ಹೆಚ್ಚು.

ಕೆಂಪು ಟಮಾಟಿ ಮಂಗ್ಯಾನ ಪಾಲು ಎಂದೆ. ಆದ್ದರಿಂದ ನಮ್ಮ ಮನೆಯಲ್ಲಿ ಟಮಾಟಿಯನ್ನು ಹಸಿರಿದ್ದಾಗಲೇ ಹರಿಯುತ್ತೇವೆ. ಅರ್ಧವನ್ನು ಭತ್ತದ ಹುಲ್ಲಿನಲ್ಲಿ ಇಟ್ಟು ಹಣ್ಣು ಮಾಡುವುದು, ಇನ್ನರ್ಧ ಕಾಯಿಟಮಾಟಿ ಚಟ್ನಿಗೆ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಟಮಾಟಿಯ ಹೋಳು, ಹಸಿಮೆಣಸಿನಕಾಯಿ, ಜೀರಿಗೆ, ಬಳ್ಳೊಳ್ಳಿ ಹಾಕಿ ಮೆತ್ತಗಾಗುವ ತನಕ ಬಾಡಿಸಬೇಕು. ಆರಿದ ಮೇಲೆ ಹುರಿದ ಶೇಂಗಾ, ಉಪ್ಪು, ಒಂದು ಚೂರು ಬೆಲ್ಲ, ಕೊತ್ತಂಬರಿ ಸೇರಿಸಿ ಒಳಕಲ್ಲಿನಲ್ಲಿ ತರಿತರಿಯಾಗಿ ಕುಟ್ಟುವುದು. ಬೆಂಗಳೂರಿನಿಂದ ಬೆಟ್ಟ ನೋಡಲು ಬಂದ ನೆಂಟರು ಇದನ್ನು ತಿಂದು ಮಾವಿನಕಾಯಿ ಎಂದುಕೊಂಡಿದ್ದರು. ಇಷ್ಟು ಒಳ್ಳೆಯ ಚಟ್ನಿ ನಮ್ಮ ಮನೆಯಲ್ಲಿ ನಿತ್ಯ ಆಗುವುದು ಮಂಗ್ಯಾಗಳ ದಯೆಯಿಂದ.

ಮುಳಗಾಯಿಗೆ ಎಣ್ಣೆಗಾಯಿ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಎಣ್ಣೆಗಾಯಿ ನಿತ್ಯದ ಅಡುಗೆಯಲ್ಲ. ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿ ಎಲ್ಲ ಹುರಿದು ಕುಟ್ಟುವಷ್ಟರಲ್ಲಿ ಮಧ್ಯಾಹ್ನ. ದಿನಾ ಬುಟ್ಟಿ ತುಂಬುವಾಗ ಬೇಕಾದದ್ದು ಸುಟ್ಟ ಮುಳಗಾಯಿ. ಒಲೆಯ ಕೆಂಡದಲ್ಲಿ ಇಟ್ಟು ಸಿಪ್ಪೆ ಕರಿಯಾಗುವ ತನಕ ಸುಟ್ಟು, ಸುಲಿದು, ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಉಪ್ಪು, ಎಣ್ಣೆ ಹಾಕಿ ಕೈಯಲ್ಲೇ ಕಿವುಚಿದರೆ ಆಯಿತು. ಗ್ಯಾಸಿನ ಉರಿಯಲ್ಲೂ ಆಗುತ್ತದೆ, ಹೊಗೆಯ ಘಮ ಮಾತ್ರ ಬರುವುದಿಲ್ಲ. ಹಾಗಲಕಾಯಿಗೆ ಹುಣಸೆಹಣ್ಣು, ಬೆಲ್ಲ, ಎಳ್ಳಿನ ಪುಡಿಯ ಗೊಜ್ಜು. ಅದು ವಾರ ಇರುತ್ತದೆ. ಬಲಿತ ಸವತಿಕಾಯಿ ಮಂಗ್ಯಾನ ಕಣ್ಣು ತಪ್ಪಿಸಿ ಉಳಿದಿದ್ದರೆ ತುರಿದು ಜೋಳದ ಹಿಟ್ಟು, ಕಡಲೆಹಿಟ್ಟು ಕಲೆಸಿ ತಾಲಿಪಟ್ಟು. ಹೀರಿಯ ಸಿಪ್ಪೆಯ ಚಟ್ನಿಗೆ ಒಂದೇ ಕಟ್ಟಳೆ: ಸಿಪ್ಪೆಯನ್ನು ಹಸಿ ಹೋಗುವ ತನಕ, ಅಂಚು ಗರಿಗರಿಯಾಗುವ ತನಕ ಹುರಿಯಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು, ಗಂಗಾವತಿ ಕಡೆಯವರು ಸಿಟ್ಟಾದರೂ ಸರಿ. ಕಾಯಿಪಲ್ಲೆ ಕೊಳೆಯುವುದು ಅನ್ನ ಉಣ್ಣುವ ಮನೆಯಲ್ಲಿ. ಅನ್ನಕ್ಕೆ ಒಂದು ಸಾರು ಇದ್ದರೆ ಊಟ ಆಗಿಹೋಗುತ್ತದೆ, ಅದರಲ್ಲಿ ತೇಲುವುದು ನಾಲ್ಕು ಹೋಳು. ರೊಟ್ಟಿಗೆ ಹಾಗಲ್ಲ. ಒಣ ರೊಟ್ಟಿ ಗಂಟಲಲ್ಲಿ ಇಳಿಯಬೇಕಾದರೆ ಒಂದು ಕಾಳಿನ ಪಲ್ಯ, ಒಂದು ಸೊಪ್ಪು ಅಥವಾ ಕಾಯಿಯ ಪಲ್ಯ, ಜೊತೆಗೆ ಹಸಿ ಮೆಂತೆ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ಸೊಪ್ಪಿನ ಪಚಡಿ ಬೇಕೇ ಬೇಕು. ರೊಟ್ಟಿಯ ತಾಟಿನಲ್ಲಿ ಅರ್ಧ ಜಾಗ ಕಾಯಿಪಲ್ಲೆಯದು. ಎರೆಭೂಮಿಯವರು ಹಿತ್ತಲಿಲ್ಲದೆ ಹೊಲದ ಹತ್ತರಕಿ, ಗೋಳಿ, ಕಿರಕಸಾಲಿ ಸೊಪ್ಪು ಹುಡುಕಿ ತಂದು ತಿಂದದ್ದು ಇದೇ ಕಾರಣಕ್ಕೆ. ಸೋನಾಮಸೂರಿ ಬೆಳೆಯುವವರು ವಾರಕ್ಕೆ ನಾಲ್ಕು ದಿನ ರಾತ್ರಿ ರೊಟ್ಟಿ ಬಡಿದರೆ ಹಿತ್ತಲಿನ ಬುಟ್ಟಿ ತಾನೇ ಖಾಲಿಯಾಗುತ್ತದೆ. ನಮ್ಮ ಮನೆಯಲ್ಲಿ ಆದದ್ದು ಹಾಗೆಯೇ. ಅತ್ತೆ ಮೊದಲು ಮೂಗು ಮುರಿದರು, ಆಮೇಲೆ ಸಕ್ಕರೆ ಕಾಯಿಲೆಗೆ ಡಾಕ್ಟರು ರೊಟ್ಟಿ ಉಣ್ಣಲು ಹೇಳಿದ ಮೇಲೆ ನನಗಿಂತ ತೆಳ್ಳಗೆ ಬಡಿಯತೊಡಗಿದರು.

ಅಡುಗೆಯಾಗಿ ಮಿಕ್ಕದ್ದಕ್ಕೆ ಬಿಸಿಲು. ನಮ್ಮ ಜಿಲ್ಲೆಗೆ ದೇವರು ಮಳೆ ಕೊಡುವಾಗ ಕೈ ಹಿಡಿದರೂ ಬಿಸಿಲು ಕೊಡುವಾಗ ಲೆಕ್ಕ ಇಟ್ಟಿಲ್ಲ. ಮಾರ್ಚಿನಿಂದ ಮೇ ತನಕ 40 ಡಿಗ್ರಿಯ ಸುತ್ತಮುತ್ತ, ಗಾಳಿಯೂ ಒಣ. ಟಮಾಟಿಯಲ್ಲಿ ನೂರಕ್ಕೆ ತೊಂಬತ್ನಾಲ್ಕು ಪಾಲು ನೀರು, ಹೀರಿ, ಮುಳಗಾಯಿಯಲ್ಲೂ ತೊಂಬತ್ತರ ಮೇಲೆ. ಕೆಡಿಸುವ ಬೂಷ್ಟಿಗೂ ಸೂಕ್ಷ್ಮಜೀವಿಗೂ ಬೇಕಾದದ್ದು ಆ ನೀರು. ನೀರು ತೆಗೆದುಬಿಟ್ಟರೆ ಅವಕ್ಕೆ ಬದುಕಿಲ್ಲ. ಹತ್ತು ಕಿಲೋ ಟಮಾಟಿ ಒಣಗಿದರೆ ಮುಕ್ಕಾಲು ಕಿಲೋ ಒಳಗೆ ಬರುತ್ತದೆ, ಒಂದು ಬರಣಿಯ ಮಾತು. ತೆಳ್ಳಗೆ ಬಿಲ್ಲೆ ಕೊಯ್ದು, ಉಪ್ಪು ಉದುರಿಸಿ, ಬಟ್ಟೆಯ ಮೇಲೆ ಹರಡಿ ಒಣಗಿಸಿ, ಮುರಿದರೆ ಪಟ್ಟೆನ್ನುವಂತಾದಾಗ ಪುಡಿ ಮಾಡಿಡುತ್ತೇನೆ. 2023ರ ಜುಲೈನಲ್ಲಿ ಟಮಾಟಿ ಕಿಲೋಗೆ ನೂರು ರೂಪಾಯಿ ದಾಟಿ ಟಿವಿಯವರೆಲ್ಲ ಮಾರುಕಟ್ಟೆಯಲ್ಲಿ ನಿಂತಿದ್ದಾಗ ನಮ್ಮ ಮನೆಯ ಸಾರಿಗೆ ಬಿದ್ದದ್ದು ಬೇಸಿಗೆಯ ಈ ಪುಡಿ. ಹಣ್ಣಿನ ತಾಜಾ ರುಚಿ ಇರುವುದಿಲ್ಲ, ಹುಳಿ ಇರುತ್ತದೆ. ಸಾರಿಗೆ ಬೇಕಾದದ್ದು ಹುಳಿಯೇ.

ಒಣಗಿಸುವುದರಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಚವಳಿಕಾಯಿ. ಪೇಟೆಯ ಜನ ಇದನ್ನು ಗೋರಿಕಾಯಿ ಎನ್ನುತ್ತಾರೆ. ಎಳೆಯ ಕಾಯಿಯ ತೊಟ್ಟು, ತುದಿ ಮುರಿದು, ಇಡಿಯಾಗಿಯೇ ಉಪ್ಪು ಹಾಕಿದ ಕುದಿಯುವ ನೀರಿಗೆ ಹಾಕಿ ಎರಡು ಮೂರು ನಿಮಿಷಕ್ಕೆ ತೆಗೆಯಬೇಕು. ಬಣ್ಣ ತಿಳಿಹಸಿರಿನಿಂದ ಗಿಣಿಹಸಿರಿಗೆ ತಿರುಗಿದ ಕೂಡಲೇ ತೆಗೆದುಬಿಡಬೇಕು. ಈ ಬಿಸಿಗೆ ಕಾಯಿಯೊಳಗಿನ ಕಿಣ್ವ ಸಾಯುತ್ತದೆ, ಇಲ್ಲವಾದರೆ ಒಣಗಿದ ಮೇಲೂ ಅದು ಬಣ್ಣ, ರುಚಿ ಎರಡನ್ನೂ ಕೆಡಿಸುತ್ತ ಕೂರುತ್ತದೆ. ನೀರು ಬಸಿದು, ಹುಳಿ ಮಜ್ಜಿಗೆಗೆ ಉಪ್ಪು, ಅರಿಶಿನ, ಜೀರಿಗೆ ಪುಡಿ ಕದಡಿ ರಾತ್ರಿಯೆಲ್ಲ ಅದರಲ್ಲಿ ಮುಳುಗಿಸಿಡಬೇಕು. ಬೆಳಿಗ್ಗೆ ತೆಗೆದು ಬಿಸಿಲಿಗೆ. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆಯನ್ನೆಲ್ಲ ಕಾಯಿ ಕುಡಿದು ಮುಗಿಸುವ ತನಕ ಇದೇ ಓಡಾಟ. ಕೊನೆಗೆ ಬರೀ ಬಿಸಿಲು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಮಳೆ ಹಿಡಿದ ದಿನ ಎಣ್ಣೆಯಲ್ಲಿ ಬಿಟ್ಟರೆ ಚುರ್ ಎಂದು ಉಬ್ಬಿ ಕಂದಾಗುತ್ತದೆ. ಅನ್ನ, ಬ್ಯಾಳಿ ಸಾರು, ಚವಳಿಕಾಯಿ ಬಾಳಕ ಇದ್ದರೆ ಹಪ್ಪಳದ ನೆನಪು ಬರುವುದಿಲ್ಲ. ಹಸಿಮೆಣಸಿನಕಾಯಿಗೂ ಇದೇ ಕ್ರಮ, ಅದಕ್ಕೆ ನೀರಿನಲ್ಲಿ ಕುದಿಸುವ ಕೆಲಸ ಇಲ್ಲ, ಹೊಟ್ಟೆ ಸೀಳಿದರೆ ಸಾಕು.

ಮಾಳಿಗೆಯ ಮೇಲೆ ಒಣ ಹಾಕುವುದೆಂದರೆ ನಮ್ಮೂರಿನಲ್ಲಿ ಅದೊಂದು ಕಾವಲು. ನಾನು ಹೊರಸನ್ನು ಕವುಚಿ ಹಾಕಿ, ನಾಲ್ಕು ಕಾಲಿಗೆ ಹಳೆಯ ಸೊಳ್ಳೆಪರದೆ ಕಟ್ಟಿ, ಅದರೊಳಗೆ ಒಣಗಿಸುತ್ತೇನೆ. ಧೂಳು, ನೊಣ, ಮಂಗ್ಯಾ ಮೂರಕ್ಕೂ ಅಡ್ಡ. ಪರದೆಯ ಮೇಲೆ ಎರಡು ಕೆಂಪು ಮೆಣಸಿನಕಾಯಿಯ ಸರ ಹಾಕಿದರೆ ಮೊದಲ ಬಾರಿ ಬಂದ ಮಂಗ್ಯಾ ಒಂದನ್ನು ಕಚ್ಚಿ ನೋಡಿ ಸುದ್ದಿ ಹಬ್ಬಿಸುತ್ತದೆ. ಸೊಪ್ಪನ್ನು ಮಾತ್ರ ನೇರ ಬಿಸಿಲಿಗೆ ಹಾಕುವುದಿಲ್ಲ. ನುಗ್ಗೆಸೊಪ್ಪು, ಮೆಂತೆಸೊಪ್ಪು ನೆರಳಲ್ಲಿ ಒಣಗಿದರೆ ಹಸಿರು ಉಳಿಯುತ್ತದೆ, ಎ ಜೀವಸತ್ವದ ಮೂಲವಾದ ಬೀಟಾ ಕೆರೋಟಿನ್ ಕೂಡ ಹೆಚ್ಚು ಉಳಿಯುತ್ತದೆ. ಸಿ ಜೀವಸತ್ವ ಹೇಗೆ ಒಣಗಿಸಿದರೂ ಹೋಗುತ್ತದೆ, ಅದಕ್ಕೆ ನಿಂಬೆಹಣ್ಣು ಇದೆ.

ಒಂದು ಎಚ್ಚರಿಕೆ. ಈಗಿನ ಮಕ್ಕಳು ಮೊಬೈಲಿನಲ್ಲಿ ನೋಡಿ ಹಸಿ ಬಳ್ಳೊಳ್ಳಿ, ಬೇಯಿಸಿದ ಕಾಯಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯ ಬಾಯಿ ಬಿಗಿದು ತಿಂಗಳುಗಟ್ಟಲೆ ಹೊರಗೆ ಇಡುತ್ತಾರೆ. ಗಾಳಿ ಇಲ್ಲದ ಕಡೆ, ಹುಳಿ ಇಲ್ಲದ ಕಡೆ ಬಾಟ್ಯುಲಿನಂ ಎಂಬ ರೋಗಾಣು ವಿಷ ಮಾಡುತ್ತದೆ. ಬಣ್ಣ, ವಾಸನೆಯಲ್ಲಿ ಗೊತ್ತಾಗದೆಯೂ ಇರಬಹುದು. ಹುಳಿಯ ಅಳತೆ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ನಮ್ಮ ಅಜ್ಜಿಯಂದಿರಿಗೆ ಪಿಎಚ್ ಗೊತ್ತಿರಲಿಲ್ಲ, ಆದರೆ ಹಣ್ಣು ಮೆಣಸಿನಕಾಯಿಯ ರಂಜಕ ಕುಟ್ಟುವಾಗ ಧಾರಾಳ ಉಪ್ಪು, ನಿಂಬೆಹುಳಿ ಹಿಂಡದೆ ಬರಣಿಗೆ ತುಂಬಿದವರಲ್ಲ. ಒಣಸೊಪ್ಪೊಂದನ್ನು ಬಿಟ್ಟರೆ, ಹುಳಿ, ಉಪ್ಪು, ಬಿಸಿಲು, ಈ ಮೂರರಲ್ಲಿ ಎರಡಾದರೂ ಇಲ್ಲದ ಯಾವುದನ್ನೂ ನಾನು ಹೊರಗೆ ಇಡುವುದಿಲ್ಲ. ಬೂಷ್ಟಿ ಕಂಡರೆ ಮೇಲಿನದು ತೆಗೆದು ಕೆಳಗಿನದು ತಿನ್ನುವ ಉಳಿತಾಯವೂ ಬೇಡ.

ಇಷ್ಟು ಮಾಡಿದರೂ ಮಿಕ್ಕರೆ? ಹಂಚಬೇಕು. ಅದರಲ್ಲೂ ಒಂದು ರೀತಿ ಇದೆ. "ಅಕ್ಕಾ, ಹೀರಿಕಾಯಿ ಭಾಳ ಆಗ್ಯಾವು, ಒಯ್ರಿ" ಎಂದರೆ ಯಾರಿಗೂ ಸಂಕೋಚ ಇಲ್ಲ. ಅದೇ ಬಲಿತದ್ದು, ಹುಳ ಬಿದ್ದದ್ದು ಕೊಟ್ಟರೆ ಮುಂದಿನ ವಾರ ಬಾಗಿಲು ತೆರೆಯುವುದಿಲ್ಲ. ಎಳೆಯದು ಕೊಟ್ಟು ಬಲಿತದ್ದು ನಾವು ತಿನ್ನಬೇಕು. ಕೊಟ್ಟ ಪಾತ್ರೆ ಬರಿದಾಗಿ ಹಿಂದಿರುಗುವುದಿಲ್ಲ. ನಾಲ್ಕು ಕರಿಬೇವಿನ ಎಸಳು, ಒಂದು ನಿಂಬೆಹಣ್ಣು, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ. ನಮ್ಮ ಹಿತ್ತಲಿನ ಕಾಯಿ ತವರಿಗೆ ಹೋಗುತ್ತದೆ, ಅಲ್ಲಿಂದ ಜೋಳ, ಹೆಸರು ಬರುತ್ತದೆ. ಈ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ, ತಪ್ಪಿಯೂ ಇಲ್ಲ.

ದೊಡ್ಡ ಹಂಚಿಕೆ ನಡೆಯುವುದು ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ. ಜನವರಿಯ ಹೊತ್ತು, ಸರಿಯಾಗಿ ಹಿತ್ತಲು, ಹೊಲ ತುಂಬಿದ ಕಾಲ. ಹಳ್ಳಿ ಹಳ್ಳಿಯಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ, ಮಾದಲಿ, ದವಸ, ಕಾಯಿಪಲ್ಲೆ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಮಹಾದಾಸೋಹಕ್ಕೆ ಹೋಗುತ್ತವೆ. ಊರಿನ ಹೆಂಗಸರು ಒಂದೆಡೆ ಕೂತು ರೊಟ್ಟಿ ಬಡಿಯುವ ಆ ದಿನಗಳಲ್ಲಿ ನಮ್ಮಂಥವರ ಮನೆಯ ಮುಳಗಾಯಿ, ಕುಂಬಳಕಾಯಿಗೂ ದಾರಿ ಸಿಗುತ್ತದೆ. ಒಂದು ಮನೆಗೆ ಹೊರೆಯಾದದ್ದು ಅಲ್ಲಿ ಸಾವಿರ ಮಂದಿಯ ಪಲ್ಯದಲ್ಲಿ ಕಾಣದೆ ಹೋಗುತ್ತದೆ.

ಅದೇ ಹೊತ್ತಿಗೆ, ಪುಷ್ಯ ಮಾಸದಲ್ಲಿ, ಬಾದಾಮಿಯ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ಹಿಂದಿನ ದಿನ ಪಲ್ಲೇದ ಹಬ್ಬ. 108 ಬಗೆಯ ಕಾಯಿಪಲ್ಲೆಯ ಅಡುಗೆ ಮಾಡಿ ಅಮ್ಮನಿಗೆ ನೈವೇದ್ಯ. ಬನಶಂಕರಿ ಎಂದರೆ ಶಾಕಂಬರಿ, ಬರಗಾಲದಲ್ಲಿ ತನ್ನ ಮೈಯಿಂದಲೇ ಸೊಪ್ಪು, ಕಾಯಿ ಬೆಳೆದು ಲೋಕ ಸಾಕಿದವಳು ಎಂಬ ಕತೆ. ಕಾಯಿಪಲ್ಲೆಯ ಈ ದೊಡ್ಡ ದೇವಿ ನೆಲೆಸಿದ್ದು ಭತ್ತದ ಸೀಮೆಯಲ್ಲಲ್ಲ, ಬಾದಾಮಿಯ ಬಿಸಿಲು ಬಂಡೆಯ ನಡುವೆ ಎಂಬುದನ್ನು ನಾನು ಅತ್ತೆಗೆ ಆಗಾಗ ನೆನಪಿಸುತ್ತಿದ್ದೆ. 108 ಬಗೆ ಹೇಗೆ ಎಂದು ಕೇಳುವವರು ಒಮ್ಮೆ ಲೆಕ್ಕ ಹಾಕಿ ನೋಡಲಿ. ಹೀರಿಯೊಂದರಿಂದಲೇ ಪಲ್ಯ, ಸಿಪ್ಪೆ ಚಟ್ನಿ, ಬ್ಯಾಳಿ ಕೂಡಿಸಿದ್ದು, ಎಣ್ಣೆಗಾಯಿ, ಬಜ್ಜಿ. ಐದು ಅಲ್ಲೇ ಆಯಿತು.

ನದಿಯಾಚೆ ಹಂಪಿಯ ವೈಭವದ ಕಾಲದಲ್ಲಿ ಅಲ್ಲಿ ತರಕಾರಿಯ ಸುಗ್ಗಿ ಹೇಗಿತ್ತೆಂದು ಪೋರ್ಚುಗೀಸ್ ಪ್ರವಾಸಿ ದೊಮಿಂಗೋ ಪಾಯಸ್ ಬರೆದಿಟ್ಟಿದ್ದಾನೆ. 1520ರ ಸುಮಾರಿಗೆ ಬಂದ ಅವನು ಪೇಟೆಗೆ ದಿನವೂ ಹೇರುಗಟ್ಟಲೆ ಬರುತ್ತಿದ್ದ ನಿಂಬೆ, ಕಿತ್ತಳೆ, ಬದನೆ, ತೋಟದ ಕಾಯಿಪಲ್ಲೆ ಕಂಡು ದಂಗಾಗಿದ್ದ. ಆನೆಗುಂದಿಗೆ ದಾಟುವ, ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ಹರಿಗೋಲುಗಳನ್ನೂ ವಿವರಿಸಿದ್ದಾನೆ. ಆದರೆ ಅವನು ಕಂಡ ಅಷ್ಟೊಂದು ಬದನೆ ಎಣ್ಣೆಗಾಯಿಯಾಗಿದ್ದರೆ ಅದರಲ್ಲಿ ನಮ್ಮ ಬ್ಯಾಡಗಿಯ ಖಾರ ಇದ್ದಿರಲಾರದು. ಮೆಣಸಿನಕಾಯಿ, ಟಮಾಟಿ, ಶೇಂಗಾ ಮೂರೂ ಅಮೆರಿಕದಿಂದ ಬಂದವು, ಮೆಣಸಿನಕಾಯಿಯನ್ನು ಈ ಕಡೆ ತಂದವರು ಅವನ ದೇಶದವರೇ. ನಾವು ಹಿರಿಯರ ಅಡುಗೆ ಎಂದು ಬೀಗುವುದರಲ್ಲಿ ಎಷ್ಟೋ ಪಾಲು ನಡುವೆ ಬಂದು ಸೇರಿದ್ದು. ಬಂದದ್ದನ್ನೆಲ್ಲ ಒಳಕಲ್ಲಿಗೆ ಹಾಕಿ ನಮ್ಮದು ಮಾಡಿಕೊಂಡವರು ಆ ಕಾಲದ ಹೆಂಗಸರು.

ಇವತ್ತಿನ ಲೆಕ್ಕವೂ ಒಂದಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ತಿಪ್ಪೆ ಪಾಲಾಯಿತು. ಅದರಲ್ಲಿ ಐದರಲ್ಲಿ ಮೂರು ಪಾಲು ಮನೆಗಳದ್ದೇ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಎಂಬ ಅಂದಾಜು. ಹಳ್ಳಿಯಲ್ಲಿ ಎಮ್ಮೆ, ಕೋಳಿ, ತಿಪ್ಪೆಗುಂಡಿ ಇರುವುದರಿಂದ ಪೂರ್ತಿ ನಷ್ಟ ಎನ್ನುವಂತಿಲ್ಲ, ಗೊಬ್ಬರವಾಗಿ ಹಿತ್ತಲಿಗೇ ಬರುತ್ತದೆ. ಆದರೂ ಎಳೆಯ ಬೆಂಡಿಕಾಯಿಯನ್ನು ಎಮ್ಮೆಗೆ ಹಾಕುವಾಗ ನನಗೆ ಇವತ್ತಿಗೂ ಅವ್ವನ ಮುಖ ಎದುರಿಗೆ ಬರುತ್ತದೆ. ಬಲಿತದ್ದಾದರೆ ಬರುವುದಿಲ್ಲ.

ಹಿತ್ತಲಿಲ್ಲದವರೂ ಇದನ್ನು ಓದುತ್ತಿರಬಹುದು. ಸಂತೆಯ ಕೊನೆಗೆ, ಹೊತ್ತು ಮುಳುಗುವಾಗ ಹೋಗಿ ನೋಡಿ. ಗಂಗಾವತಿಯಾಗಲಿ ಕುಷ್ಟಗಿಯಾಗಲಿ, ಮಾರುವವರು ಉಳಿದದ್ದನ್ನು ಮರಳಿ ಒಯ್ಯುವ ಬದಲು ಗುಡ್ಡೆ ಹಾಕಿ ಕೊಟ್ಟುಬಿಡುತ್ತಾರೆ. ಮೊದಲ ಸಲ ಒಣಗಿಸುವವರು ಟಮಾಟಿಯಿಂದ ಶುರು ಮಾಡಬೇಡಿ, ಅದು ನೀರು ಬಿಡುತ್ತದೆ, ಮೋಡ ಕವಿದರೆ ಒಂದೇ ದಿನಕ್ಕೆ ಬೂಷ್ಟಿ. ಚವಳಿಕಾಯಿ ಒಂದು ಕಿಲೋ ತನ್ನಿ. ಮೇ ಮುಗಿಯುವುದರೊಳಗೆ, ಮುಂಗಾರಿನ ಮೋಡ ಬರುವ ಮುಂಚೆ, ಒಣಗಿಸಿ ಗಾಜಿನ ಬರಣಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ. ತೇವ ತಾಗದಿದ್ದರೆ ಮುಂದಿನ ಚವಳಿ ಬರುವ ತನಕ ಇರುತ್ತದೆ.